ಮೇಡಂ ಮಾತಾಡದ ನಾಲ್ಕು ಸಿನಿಮಾಗಳು

ಜನರ ಮುಖ ನನಗೆ ಬೇಗ ಮರೆತುಹೋಗುತ್ತದೆ, ನಡಿಗೆ ಮರೆಯುವುದಿಲ್ಲ. ಫಿಸಿಯೋಥೆರಪಿ ಕೆಲಸದವರಿಗೆ ಅಂಟುವ ಚಟ ಇದು. ಮದುವೆ ಮನೆಯಲ್ಲಿ ಎಲ್ಲರೂ ಹುಡುಗಿಯ ಸೀರೆ ನೋಡುತ್ತಿದ್ದರೆ ನಾನು ಅವಳು ಯಾವ ಹಿಮ್ಮಡಿಯ ಮೇಲೆ ಭಾರ ಹಾಕಿ ನಿಂತಿದ್ದಾಳೆ ಎಂದು ನೋಡುತ್ತಾ ಕೂತಿರುತ್ತೇನೆ. ಮಸ್ಕತ್ತಿನ ಅಲ್ ಖುವೈರ್‌ನಲ್ಲಿರುವ ನಮ್ಮ ಕ್ಲಿನಿಕ್ಕಿಗೆ ಆ ಇಂಗ್ಲಿಷ್ ಹೆಂಗಸು ಮೊದಲ ಸಲ ಬಂದಾಗಲೂ ಹಾಗೇ ಆಯಿತು. ಎಂಬತ್ತರ ಹತ್ತಿರದ ವಯಸ್ಸು, ಮಂಡಿ ನೋವು, ಕೈಯಲ್ಲೊಂದು ಕೋಲು. ಆದರೆ ಬಾಗಿಲಿನಿಂದ ನನ್ನ ಮೇಜಿನವರೆಗೆ ನಡೆದು ಬಂದ ರೀತಿ ನೋಡಿದರೆ ಆ ಕೋಲನ್ನು ಅಂದಕ್ಕೆ ಹಿಡಿದಿದ್ದಾರೆ ಅನ್ನಿಸಬೇಕು. ಕುತ್ತಿಗೆ ನೆಟ್ಟಗೆ, ಭುಜ ಕೆಳಗೆ, ಗಲ್ಲ ಚೂರೇ ಚೂರು ಮೇಲೆ. ಇಂಥ ನಡಿಗೆ ಹುಟ್ಟಿನಿಂದ ಬರುವುದಿಲ್ಲ, ಯಾರೋ ಕೂತು ಕಲಿಸಿರುತ್ತಾರೆ. "ನೀವು ಡಾನ್ಸರ್ ಆಗಿದ್ದಿರಾ?" ಎಂದು ಕೇಳಿಯೇಬಿಟ್ಟೆ. ಅವರು ನಕ್ಕು, "ಇಲ್ಲ, ಸಿನಿಮಾದಲ್ಲಿದ್ದೆ. ನೀನು ಹುಟ್ಟುವುದಕ್ಕೆ ಎಷ್ಟೋ ಮುಂಚೆ," ಎಂದರು.

ನಾನು ನಂಬಲಿಲ್ಲ. ಮಸ್ಕತ್ತಿನಲ್ಲಿ ಸಿಕ್ಕವರೆಲ್ಲ ಊರಿನಲ್ಲಿ ಏನೋ ಒಂದು ಆಗಿದ್ದವರೇ. ರಾಜ್ಯದ ತಂಡಕ್ಕೆ ಕ್ರಿಕೆಟ್ ಆಡಬೇಕಾಗಿದ್ದವರು, ರೇಡಿಯೋದಲ್ಲಿ ಹಾಡಿದವರು, ಯಾವುದೋ ಮಂತ್ರಿಯ ಜೊತೆ ಒಂದೇ ತಟ್ಟೆಯಲ್ಲಿ ಉಂಡವರು. ಅಲ್ಲಿ ಹೋಗಿ ನೋಡುವವರು ಯಾರೂ ಇಲ್ಲವಲ್ಲ. ಆದರೆ ಮೇಡಂ ಸುಳ್ಳು ಹೇಳಿರಲಿಲ್ಲ. ಮುಂದಿನ ವಾರ ಬಂದಾಗ ಫೋನಿನಲ್ಲಿ ಒಂದು ಹಳೆಯ ಪೋಸ್ಟರಿನ ಚಿತ್ರ ತೋರಿಸಿದರು. ಮಳೆಯಂಗಿಯ ಕಾಲರ್ ಎತ್ತಿಕೊಂಡು ರೈಲಿನ ಬಾಗಿಲಲ್ಲಿ ನಿಂತ ಹುಡುಗಿ. ಆ ಕುತ್ತಿಗೆಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತಿದ್ದೆ.

ಮೇಡಂ ಈಗ ಇಲ್ಲ. ಅವರಿಗೆ ಕೊನೆಗೆ ಉಳಿದಿದ್ದು ಒಂದೇ ಆಸೆ, ತಾನು ಹುಟ್ಟಿದೂರಿನ ಮಾತನ್ನು ತನ್ನ ಬಾಯಿಂದಲೇ ಒಂದು ಸಲ ಕೇಳಬೇಕು ಎನ್ನುವುದು. ಕೇಳಿದರೆ ಎಷ್ಟು ಸಣ್ಣ ಆಸೆ. ಅದು ಈಡೇರುವ ಹೊತ್ತಿಗೆ ನಾನು ಪಕ್ಕದಲ್ಲೇ ಕೂತಿದ್ದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈಡೇರುವ ಹೊತ್ತು ಎಂದೆನಲ್ಲ, ಅದು ತಪ್ಪು. ಇರಲಿ, ಬರೆಯುತ್ತಾ ಹೋಗುತ್ತೇನೆ.

ಅವು ಎಣ್ಣೆ ಬೆಲೆ ಪಾತಾಳಕ್ಕೆ ಇಳಿದಿದ್ದ ವರ್ಷಗಳು. ಒಮಾನಿನಲ್ಲಿ ಎಣ್ಣೆ ಬಿದ್ದರೆ ಎಲ್ಲರ ಮನೆಯ ಪಾತ್ರೆಯೂ ಅಲುಗಾಡುತ್ತದೆ, ಬಾವಿ ಕೊರೆಯುವವನಿಗೂ ಮಂಡಿ ತಿಕ್ಕುವವಳಿಗೂ ಏನೂ ವ್ಯತ್ಯಾಸವಿಲ್ಲ. ಕಂಪನಿಗಳು ಮೊದಲು ಮಕ್ಕಳ ಶಾಲೆಯ ಖರ್ಚು ನಿಲ್ಲಿಸಿದವು, ಆಮೇಲೆ ಇನ್ಶೂರೆನ್ಸ್ ಕತ್ತರಿಸಿದವು, ಆಮೇಲೆ ಜನರನ್ನೇ. ವಾರ ವಾರ ಯಾರದ್ದಾದರೂ ಬೀಳ್ಕೊಡುಗೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಿಟ್ಟು ಹೋಗುವವರ ಸೋಫಾ, ಇಸ್ತ್ರಿ ಪೆಟ್ಟಿಗೆ, ತುಳಸಿ ಕುಂಡ ಎಲ್ಲ ಲಿಫ್ಟಿನಲ್ಲಿ ಇಳಿಯುತ್ತಲೇ ಇದ್ದವು. ಯಾರ ಮನೆಗೆ ಹೋದರೂ ಒಂದೇ ಮಾತು, ಯಾರ ಕೆಲಸ ಖಲಾಸ್ ಆಯಿತು, ಯಾರದು ಇನ್ನೂ ಇದೆ. ನನ್ನ ಗಂಡ ಇನ್‌ಸ್ಟ್ರುಮೆಂಟ್ ಇಂಜಿನಿಯರ್, ಮೈಸೂರಿನವರು. ಆಫೀಸಿನಿಂದ ಬಂದ ಕೂಡಲೇ ಶೂ ಬಿಚ್ಚುವ ಮೊದಲೇ, "ಇವತ್ತು ಏನೂ ಆಗ್ಲಿಲ್ಲ," ಎಂದು ಹೇಳುವುದು ರೂಢಿಯಾಗಿತ್ತು. ಏನೂ ಆಗದಿದ್ದುದೇ ನಮಗೆ ಹಬ್ಬ.

ಕ್ಲಿನಿಕ್ಕಿಗೆ ಬರುವವರು ಕಡಿಮೆಯಾದ್ದರಿಂದ ನನಗೆ ಮೇಡಂ ಜೊತೆ ಮಾತಾಡಲು ಬೇಕಾದಷ್ಟು ಬಿಡುವಿತ್ತು. ಅವರ ಗಂಡ ತೈಲಬಾವಿ ಕೊರೆಯುವ ಕೆಲಸದಲ್ಲಿ ಗಲ್ಫಿಗೆ ಬಂದವರು, ತೀರಿಕೊಂಡು ಬಹಳ ಕಾಲವಾಗಿತ್ತು. ಮಗನೂ ಅದೇ ಕೆಲಸ ಹಿಡಿದು ಇಲ್ಲೇ ಇದ್ದ. ಅಲ್ ಖುವೈರ್‌ನ ಹಿಂದೆ, ಸರ್ಕಾರಿ ಮಿನಿಸ್ಟ್ರಿ ಕಟ್ಟಡಗಳನ್ನು ದಾಟಿ ಒಳಗೆ ಹೋದರೆ ಅವನ ವಿಲ್ಲಾ. ತಾಯಿ ಅವನ ವೀಸಾದ ಮೇಲೆ ಇದ್ದರು. ಅಷ್ಟು ವರ್ಷ ನಾಯಕಿಯಾಗಿ, ನಟಿಯಾಗಿ ಬದುಕಿದವರು ಕಾಗದದ ಪ್ರಕಾರ ಈಗ ಒಬ್ಬ ನೌಕರನ ಅವಲಂಬಿತೆ. ಅದನ್ನು ಹೇಳಿಕೊಂಡು ಅವರೇ ನಗುತ್ತಿದ್ದರು.

ನಾನು ಮಂಡಿಗೆ ಬಿಸಿ ಪ್ಯಾಕ್ ಇಟ್ಟು, ಕಾಲನ್ನು ಮಡಿಸಿ ಬಿಡಿಸಿ ಮಾಡುತ್ತಾ ಪ್ರಶ್ನೆ ಕೇಳುತ್ತಿದ್ದೆ. ಅವರು ಮೇಲೆ ಛಾವಣಿ ನೋಡುತ್ತಾ ಉತ್ತರ ಕೊಡುತ್ತಿದ್ದರು. ನಾಲ್ಕು ಸಿನಿಮಾಗಳಲ್ಲಿ ನಾಯಕಿ. ಅಭಿಮಾನಿಗಳ ಕಾಗದಗಳು, ಕ್ಯಾಮೆರಾದವರು, ಒಬ್ಬ ನಟ ಬಾಯಿಂದ ಬೆಳ್ಳುಳ್ಳಿ ವಾಸನೆ ಬರುತ್ತಿದ್ದವನು, ಅವನನ್ನು ಪ್ರೀತಿಸುವ ದೃಶ್ಯ ಹಗಲಿಡೀ. ಆ ನಾಲ್ಕು ಆದ ಮೇಲೆ ಸಣ್ಣ ಪಾತ್ರಗಳು. ಜಡ್ಜ್‌ನ ಹೆಂಡತಿ, ದೊಡ್ಡ ಮನೆಯ ಯಜಮಾನಿ, ಟಿವಿಯಲ್ಲಿ ಕೊಲೆಯಾಗುವ ಶ್ರೀಮಂತ ಅತ್ತೆ. ಹೇಳುವ ಇಂಗ್ಲಿಷ್ ಎಷ್ಟು ಚೊಕ್ಕವೆಂದರೆ ಒಂದೊಂದು ಪದವನ್ನೂ ತೊಳೆದು ಒರೆಸಿ ಇಟ್ಟ ಹಾಗೆ. ನನ್ನ ಮಗಳು ಒಂದು ಸಲ ಕ್ಲಿನಿಕ್ಕಿಗೆ ಬಂದಿದ್ದವಳು ಅದನ್ನು ಕೇಳಿ, ನಮ್ಮ ಶಾಲೆಯ ಇಂಗ್ಲಿಷ್ ಟೀಚರನ್ನು ಇವರ ಹತ್ತಿರ ಟ್ಯೂಷನ್ನಿಗೆ ಕಳಿಸಬೇಕು ಎಂದಿದ್ದಳು. ಅದನ್ನೂ ಇಂಗ್ಲಿಷಿನಲ್ಲೇ ಹೇಳಿದಳು. ನಾನು ಕನ್ನಡದಲ್ಲಿ ಬೈದರೂ ಅವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲೇ.

ಆ ವರ್ಷ ನಮ್ಮ ಕನ್ನಡ ಕೂಟದ ನಾಟಕದಲ್ಲಿ ನನಗೆ ರಾಣಿಯ ಪಾತ್ರ ಸಿಕ್ಕಿತು. ಜನ ಖಾಲಿಯಾಗುತ್ತಿದ್ದರೂ ನಾಟಕ ನಿಲ್ಲಬಾರದು ಎಂದು ಎಲ್ಲರಿಗೂ ಹಠ. ನಮ್ಮ ಕೂಟದ ನಾಟಕದ ಪದ್ಧತಿ ಒಂದನ್ನು ಇಲ್ಲಿ ಹೇಳಲೇಬೇಕು. ನಾವು ವೇದಿಕೆಯ ಮೇಲೆ ಮಾತಾಡುವುದಿಲ್ಲ. ಆಫೀಸು ಶಿಫ್ಟು ಎಂದು ಓಡಾಡುವ ಜನಕ್ಕೆ ಸಂಭಾಷಣೆ ಬಾಯಿಪಾಠ ಬರುವುದಿಲ್ಲ, ಶಾಲೆಯ ಆಡಿಟೋರಿಯಮ್ಮಿನ ಮೈಕುಗಳೋ ಯಾವಾಗ ಕಿರುಚುತ್ತವೆ ಗೊತ್ತಿಲ್ಲ. ಅದಕ್ಕೆ ಇಡೀ ನಾಟಕದ ಮಾತು, ಸಂಗೀತ, ಕುದುರೆಯ ಸದ್ದು ಎಲ್ಲ ಮೊದಲೇ ರೆಕಾರ್ಡ್ ಮಾಡಿ, ಆ ದಿನ ಟ್ರ್ಯಾಕ್ ಹಾಕಿಬಿಡುವುದು. ವೇದಿಕೆಯ ಮೇಲಿನವರು ಅದಕ್ಕೆ ತುಟಿ ಆಡಿಸಿಕೊಂಡು ಅಭಿನಯಿಸಬೇಕು. ಮುಖ ಒಬ್ಬರದು, ಮಾತು ಇನ್ನೊಬ್ಬರದು ಆದರೂ ಯಾರೂ ಕೇಳುವುದಿಲ್ಲ. ಒಂದು ವರ್ಷ ರೆಕಾರ್ಡಿಂಗ್ ದಿನವೇ ಸೇನಾಪತಿಗೆ ಡ್ಯೂಟಿ ಬಿತ್ತೆಂದು ಅವನ ಮಾತನ್ನು ಪುರೋಹಿತನೇ ಆಡಿದ್ದ.

ನಾನು ವಿಜಯಪುರದ ಕಡೆಯವಳು. ನಾಟಕ ಬರೆದು ಆಡಿಸುತ್ತಿದ್ದವರು ನನ್ನ ಗಂಡನ ಹಾಗೇ ಮೈಸೂರಿನ ಇನ್ನೊಬ್ಬ ಇಂಜಿನಿಯರ್. ನನ್ನನ್ನು ಆರಿಸಿದ ದಿನವೇ ಎಲ್ಲರ ಮುಂದೆ ಹೇಳಿದರು. "ನಿಮ್ಮ ಹೈಟು, ನೀವು ನಿಲ್ಲೋ ಗತ್ತು, ರಾಣಿಗೆ ಹೇಳಿ ಮಾಡ್ಸಿದ ಹಾಗಿದೆ. ಡೈಲಾಗ್ ಮಾತ್ರ ಬೇರೆಯವ್ರು ಕೊಡ್ಲಿ. ಸಿಂಹಾಸನದ ಮೇಲೆ ಕೂತು 'ಏನಂತೀರಿ, ಹೌದಿಲ್ರೀ' ಅಂದ್ರೆ ಜನ ಎದ್ದು ಬಿದ್ದು ನಗ್ತಾರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು. ರಾಣಿಯ ಮಾತನ್ನು ಬ್ಯಾಂಕಿನಲ್ಲಿರುವವರೊಬ್ಬರ ಹೆಂಡತಿ ಆಡಿದರು. ಅವರು ಹಳೇ ಮೈಸೂರಿನ ಮನೆತನದವರು, ಅವರ ಕನ್ನಡದಲ್ಲಿ ಒಂದು ಅಕ್ಷರವೂ ಮುಗ್ಗರಿಸುತ್ತಿರಲಿಲ್ಲ. ನನಗೆ ಅವಮಾನವಾಯಿತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಮಾತಿನ ಕಾಟ ತಪ್ಪಿತಲ್ಲ, ಒಡವೆ ಹಾಕಿಕೊಂಡು ನಿಂತರೆ ಸಾಕು ಎಂದು ಖುಷಿಯೇ ಆಗಿತ್ತು. ಎರಡು ತಿಂಗಳು ಅಡುಗೆ ಮಾಡುವಾಗ, ಕಾರು ಓಡಿಸುವಾಗ ಆ ಟ್ರ್ಯಾಕ್ ಹಾಕಿಕೊಂಡು ತುಟಿ ಆಡಿಸಿದೆ.

ನಾಟಕದ ದಿನ, ದರ್ಬಾರಿನ ದೃಶ್ಯದ ನಡುಮಧ್ಯೆ ಟ್ರ್ಯಾಕ್ ನಿಂತಿತು. ಲ್ಯಾಪ್‌ಟಾಪ್ ತನ್ನ ಪಾಡಿಗೆ ತಾನು ಅಪ್‌ಡೇಟ್ ಮಾಡಿಕೊಳ್ಳಲು ಹೊರಟಿತ್ತಂತೆ. ಮಂತ್ರಿ ಬಾಯಿ ತೆರೆದವನು ತೆರೆದೇ ನಿಂತ. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ನನಗೆ ರೇಗಿತು, ಎರಡು ತಿಂಗಳ ಕಷ್ಟ ಒಬ್ಬರ ಕಿಸಕ್ಕಿಗೆ ಹೋಗಬೇಕೇ ಎಂದು. ಮುಂದಕ್ಕೆ ಹೆಜ್ಜೆ ಇಟ್ಟು ರಾಣಿಯ ಮಾತನ್ನು ನಾನೇ ಆಡಿದೆ. ಗಂಟಲು ಬಿಚ್ಚಿ ಕೊನೆಯ ಸಾಲಿನವರೆಗೆ ಕೇಳುವ ಹಾಗೆ. ಟ್ರ್ಯಾಕ್ ಮತ್ತೆ ಶುರುವಾಗುವವರೆಗೆ ಆಡುತ್ತಲೇ ಇದ್ದೆ. ಆಮೇಲೆ ಗೊತ್ತಾದದ್ದು, ಮಾತು ಬದಲಾಗಿದ್ದೇ ಅರ್ಧ ಜನಕ್ಕೆ ತಿಳಿದಿರಲಿಲ್ಲ. ನನ್ನ ಬಾಯಿಂದ ಬಂದದ್ದು ಆ ಬ್ಯಾಂಕಿನವರ ಹೆಂಡತಿಯ ಕನ್ನಡವೇ, ಏರಿಳಿತ ಸಮೇತ. ನಿರ್ದೇಶಕರು ಹಸ್ತಲಾಘವ ಕೊಟ್ಟು, "ನೋಡಿ, ನಿಮ್ಮ ಭಾಷೆ ಎಷ್ಟು ಚೆನ್ನಾಗಿ ತಿದ್ಕೊಂಡ್ಬಿಡ್ತು," ಎಂದರು. ನಾನು ಆ ರಾತ್ರಿ ಬೀಗಿ ಬೀಗಿ ಮಲಗಿದೆ.

ಮುಂದಿನ ವಾರ ಮೇಡಂ ಬಂದಾಗ ಇದನ್ನೆಲ್ಲ ತಮಾಷೆಯಾಗಿ ಹೇಳಿದೆ. ಟ್ರ್ಯಾಕ್ ನಿಂತದ್ದು, ಮಂತ್ರಿಯ ತೆರೆದ ಬಾಯಿ, ಕೊನೆಗೆ ನನ್ನ ಗೆಲುವು. ಅವರು ನಗುತ್ತಾರೆಂದು ಕಾದೆ. ನಗಲಿಲ್ಲ. ನನ್ನ ಕೈಯೊಳಗಿದ್ದ ಅವರ ಮೀನಖಂಡ ಕಲ್ಲಿನ ಹಾಗೆ ಬಿಗಿಯಾಯಿತು.

"ನನ್ನ ನಾಲ್ಕು ಸಿನಿಮಾ ಇದೆಯಲ್ಲ," ಎಂದರು. "ಅದರಲ್ಲಿ ಒಂದು ಮಾತೂ ನನ್ನದಲ್ಲ."

ಆಮೇಲೆ ಅವರು ಹೇಳಿದ್ದನ್ನು ನಾನು ಬಿಸಿ ಪ್ಯಾಕ್ ತಣ್ಣಗಾದದ್ದೂ ಗೊತ್ತಾಗದೆ ಕೇಳಿದೆ. ಅವರು ಇಂಗ್ಲೆಂಡಿನ ಉತ್ತರದ ಒಂದು ಕಲ್ಲಿದ್ದಲಿನ ಊರಿನವರು. ತಂದೆ ಗಣಿಯಲ್ಲಿ, ತಾಯಿ ಬಟ್ಟೆ ಒಗೆಯುವ ಕಡೆ. ಯಾವುದೋ ಸೌಂದರ್ಯ ಸ್ಪರ್ಧೆಯ ಫೋಟೋ ಪತ್ರಿಕೆಯಲ್ಲಿ ಬಂದು, ಲಂಡನ್ನಿನಿಂದ ಕರೆ ಬಂತು. ಕ್ಯಾಮೆರಾ ಪರೀಕ್ಷೆಯಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡಿದರಂತೆ, ಇವರು ಬಾಯಿ ಬಿಡುವವರೆಗೆ. ಉತ್ತರದ ಆ ಊರುಗಳ ಇಂಗ್ಲಿಷ್ ಕೇಳಿದರೆ ಆಗ ಲಂಡನ್ನಿನವರಿಗೆ ಮನೆಗೆಲಸದವರ ನೆನಪಾಗುತ್ತಿತ್ತು. ನಿರ್ಮಾಪಕ ಹೇಳಿದನಂತೆ, ಈ ಹುಡುಗಿ ಸುಮ್ಮನಿದ್ದಷ್ಟು ಹೊತ್ತು ರಾಜಕುಮಾರಿ. ಹೀಗಾಗಿ ಅವರು ನಟಿಸಿದರು, ರೇಡಿಯೋ ನಾಟಕದ ಒಬ್ಬ ಹೆಂಗಸು ಮಾತಾಡಿದಳು. ನಾಲ್ಕು ಸಿನಿಮಾಕ್ಕೂ ಅವಳೇ. ಪೋಸ್ಟರಿನಲ್ಲಿ ಅವಳ ಹೆಸರಿಲ್ಲ, ಪರದೆಯ ಮೇಲೆ ಇವರ ಮಾತಿಲ್ಲ.

"ಅವಳನ್ನು ಒಂದೇ ಸಲ ನೋಡಿದ್ದು. ಉಣ್ಣೆಯ ಕೋಟು ಹಾಕಿಕೊಂಡು, ಸ್ಯಾಂಡ್‌ವಿಚ್ ತಿನ್ನುತ್ತಾ ಕೂತಿದ್ದಳು. ನನಗೂ ಅರ್ಧ ಕೊಟ್ಟಳು. ಒಳ್ಳೆಯವಳು. ಅದೇ ನನಗೆ ಸಿಟ್ಟು."

ತಾಯಿ ಊರಿನ ಟಾಕೀಸಿನಲ್ಲಿ ಮೊದಲ ಸಿನಿಮಾ ನೋಡಿದರಂತೆ. ನೋಡಿ ಬಂದು, ನೀನು ಬಹಳ ಚಂದ ಕಾಣಿಸಿದೆ, ಅದರಲ್ಲಿ ಮಾತಾಡಿದ ಆ ಹುಡುಗಿ ಯಾರು ಎಂದು ಕೇಳಿದರಂತೆ. ಮೇಡಂ ಆಮೇಲೆ ಹಠ ಹಿಡಿದು ಶಿಷ್ಟ ಇಂಗ್ಲಿಷ್ ಕಲಿತರು. ಎಷ್ಟು ಚೆನ್ನಾಗಿ ಕಲಿತರೆಂದರೆ ಯಾರಿಗೂ ಊರು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಕಾಲ ತಿರುಗಿತ್ತು. ಹೊಸ ನಿರ್ದೇಶಕರು ಬಂದರು, ಅವರಿಗೆ ಗಣಿಯೂರಿನ ಮಾತು ಆಡುವ ಹುಡುಗಿಯರೇ ಬೇಕಾಗಿದ್ದರು. ಇವರಿಗೆ ಸಿಕ್ಕಿದ್ದು ಜಡ್ಜ್‌ನ ಹೆಂಡತಿಯ ಪಾತ್ರ. ಬದುಕು ಹೀಗೂ ಗೇಲಿ ಮಾಡುತ್ತದೆ.

"ಆ ಮಾತು ಎಲ್ಲೂ ಹೋಗಿಲ್ಲ," ಎಂದರು ಮೇಡಂ. "ಟ್ರಂಕಿನಲ್ಲಿ ಮಡಿಸಿಟ್ಟ ಕೋಟಿನ ಹಾಗೆ ಒಳಗಿದೆ. ಹಾಕಿಕೊಂಡು ಹೋಗುವ ಜಾಗ ಇರಲಿಲ್ಲ, ಅಷ್ಟೇ."

ಅದಾಗಿ ತಿಂಗಳು ಕಳೆದಿರಲಿಲ್ಲ, ಮಗನ ಕೆಲಸ ಹೋಯಿತು. ಬಾವಿ ಕೊರೆಯುವ ರಿಗ್ ನಿಂತಿತು, ಕಂಪನಿ ಸಾಲಾಗಿ ಜನರನ್ನು ಬಿಟ್ಟಿತು. ಮಗನ ವೀಸಾ ಹೋದರೆ ತಾಯಿಯದೂ ಹೋಯಿತು. ಮೇಡಂ ಕ್ಲಿನಿಕ್ಕಿಗೆ ಬಂದು, "ನಮ್ಮದೂ ಖಲಾಸ್," ಎಂದರು, ಇಲ್ಲಿ ಇದ್ದವರೆಲ್ಲ ಹೇಳುವ ಹಾಗೇ. ಮಗ ಕೆಲಸ ಹುಡುಕಿಕೊಂಡು ಬೇರೆ ದೇಶಕ್ಕೆ ಹೋಗುವವನು. ತಾಯಿಗೆ ಇಂಗ್ಲೆಂಡಿನ ದಕ್ಷಿಣದಲ್ಲಿ ಒಂದು ವೃದ್ಧಾಶ್ರಮ ನೋಡಿದ್ದ. ಹುಟ್ಟೂರು ಅಲ್ಲಿಂದ ಬಹಳ ದೂರ, ಅಲ್ಲಿ ಇವರವರು ಎನ್ನುವವರು ಯಾರೂ ಉಳಿದಿರಲಿಲ್ಲ.

ಎದ್ದು ಹೊರಡುವಾಗ ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತು ಕೇಳಿದರು. "ನಿಮ್ಮ ನಾಟಕದ ಮಾತು ರೆಕಾರ್ಡ್ ಮಾಡುವವನು ಇದ್ದಾನಲ್ಲ. ನನ್ನ ಒಂದು ದೃಶ್ಯಕ್ಕೆ ಮಾತು ಸೇರಿಸಿಕೊಡುತ್ತಾನೆಯೇ? ಒಂದೇ ದೃಶ್ಯ. ನಮ್ಮೂರ ಕಡೆಯ ಹುಡುಗಿಯದೇ ಪಾತ್ರ ಅದು. ಅಪ್ಪನನ್ನು ಬಿಟ್ಟು ರೈಲು ಹತ್ತುತ್ತಾಳೆ. ಸಿನಿಮಾದಲ್ಲಿ ಅವಳು ಬಂಗಲೆಯವಳ ಹಾಗೆ ಮಾತಾಡುತ್ತಾಳೆ. ಅದನ್ನು ನಮ್ಮಮ್ಮ ಮಾತಾಡುತ್ತಿದ್ದ ಹಾಗೆ ಆಡಬೇಕು. ನಾನು ಕೇಳಬೇಕು. ಯಾರಿಗೂ ತೋರಿಸಲು ಅಲ್ಲ."

ಆ ದನಿಯಲ್ಲಿ ಇದ್ದದ್ದು ನಟನೆಯಲ್ಲ. ಆಗಲಿ ಎಂದೆ.

ನಮ್ಮ ರೆಕಾರ್ಡಿಂಗ್ ಆಗುತ್ತಿದ್ದುದು ಮಸ್ಕತ್ತಿನ ಇನ್ನೊಂದು ತುದಿಯ ಅಲ್ ಖೌದ್‌ನಲ್ಲಿ. ಮಂಗಳೂರಿನ ಕಡೆಯವರೊಬ್ಬರು ಅಲ್ಲಿ ಫೋಟೋ, ವೀಡಿಯೋ ಅಂಗಡಿ ಇಟ್ಟಿದ್ದರು. ಮುಂದೆ ಯೂನಿವರ್ಸಿಟಿ ಹುಡುಗರ ಪಾಸ್‌ಪೋರ್ಟ್ ಫೋಟೋ, ಹಿಂದಿನ ಕೋಣೆಯಲ್ಲಿ ನಮ್ಮ ರಾಜ ಮಹಾರಾಜರು. ಗೋಡೆಗಳಿಗೆ ಹೂವಿನ ರಜಾಯಿಗಳನ್ನು ಮೊಳೆ ಹೊಡೆದು ಕೂರಿಸಿದ್ದರು. ರೆಕಾರ್ಡ್ ಮಾಡುವಾಗ ಸದ್ದು ಬರುತ್ತದೆಂದು ಏಸಿ ಆರಿಸಬೇಕು, ಮುಗಿಯುವಷ್ಟರಲ್ಲಿ ರಾಣಿಯೂ ದಾಸಿಯೂ ಒಟ್ಟಿಗೆ ಬೆವರಿರುತ್ತಿದ್ದರು. ಅವರಿಗೆ ನಾನು ಹೆಚ್ಚೇನೂ ವಿವರಿಸಲಿಲ್ಲ. ಹಳೆಯ ಇಂಗ್ಲಿಷ್ ಸಿನಿಮಾ ನಟಿ, ಒಂದು ದೃಶ್ಯಕ್ಕೆ ಹೊಸದಾಗಿ ಮಾತು ಸೇರಿಸಬೇಕಂತೆ ಎಂದಷ್ಟೇ ಹೇಳಿದೆ. "ಅದಕ್ಕೆಂತ, ಕರ್ಕೊಂಡು ಬನ್ನಿ. ಶುಕ್ರವಾರ ಮಧ್ಯಾಹ್ನ ಅಂಗಡಿ ಖಾಲಿ," ಎಂದರು.

ಶುಕ್ರವಾರ ನಾನೇ ಮೇಡಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಅವರು ತುಟಿಗೆ ಬಣ್ಣ ಹಚ್ಚಿ, ಮುತ್ತಿನ ಓಲೆ ಹಾಕಿದ್ದರು. ಮಗ ಸಿನಿಮಾವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಿದ್ದ. ಸಣ್ಣ ಪರದೆಯ ಮೇಲೆ ರೈಲು, ಹೊಗೆ, ಮಳೆಯಂಗಿಯ ಹುಡುಗಿ ಬಂದಳು. ಒಳಗೆ ಹೋಗಪ್ಪ, ಚಳಿ ಇದೆ, ನಾನು ಕಾಗದ ಬರೆಯುತ್ತೇನೆ, ನೀನು ಓದಿಸಿಕೊ ಎನ್ನುವಂಥ ನಾಲ್ಕಾರು ಮಾತು. ಮೇಡಂ ಅದನ್ನು ಒಂದು ಸಲ ನೋಡಿದರು. ಅಂಗಡಿಯವರು ಏಸಿ ಆರಿಸಿ, ಮೇಡಂಗೆ ಒಂದು ಹೆಡ್‌ಫೋನ್ ಕೊಟ್ಟು, ತಾವೂ ಒಂದು ಹಾಕಿಕೊಂಡು, ಸನ್ನೆ ಮಾಡಿದರು.

ಮೊದಲು ತಮ್ಮ ಎಂದಿನ ಇಂಗ್ಲಿಷಿನಲ್ಲೇ ಹೇಳಿದರು. ತುಟಿಗೂ ಮಾತಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. "ಇದು ಅಭ್ಯಾಸಕ್ಕೆ," ಎಂದರು. "ಈಗ ನಮ್ಮೂರಿನದು."

ಮತ್ತೆ ದೃಶ್ಯ ಓಡಿತು. ಮೇಡಂ ಬಾಯಿ ತೆರೆದರು. ಪದಗಳು ದಪ್ಪವಾದವು, ಸ್ವರಗಳು ಚಪ್ಪಟೆಯಾದವು, ಏನೋ ಬಂತು. ಆ ಊರಿನ ಮಾತು ನಾನು ಕೇಳಿದವಳಲ್ಲ, ಆದರೂ ಇದು ಸರಿಯಿಲ್ಲ ಎಂದು ನನಗೇ ಅನ್ನಿಸಿತು. ಸಿನಿಮಾದಲ್ಲಿ ಬೆಂಗಳೂರಿನ ನಟ ಹುಬ್ಬಳ್ಳಿಯವನ ಪಾತ್ರ ಮಾಡಿ, ಮಾತು ಮಾತಿಗೆ 'ಮಗನ' ಸೇರಿಸಿದರೆ ನಮಗೆ ಮೈ ಉರಿಯುತ್ತದಲ್ಲ, ಅಂಥದ್ದು. ಅವರಿಗೂ ಗೊತ್ತಾಯಿತು. ನಿಲ್ಲಿಸಿ ಎಂದರು. ನೀರು ಕುಡಿದರು. ಚಿತ್ರದ ಸದ್ದು ಪೂರ್ತಿ ತೆಗೆಯಿರಿ ಎಂದರು. ಮತ್ತೆ ಹೇಳಿದರು. ಚಿತ್ರವೂ ಬೇಡ ಎಂದು ಕಣ್ಣು ಮುಚ್ಚಿಕೊಂಡು, ತಾಯಿ ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯುತ್ತಿದ್ದ ಮಾತನ್ನು ನೆನೆಸಿಕೊಂಡು ಹೇಳಲು ಹೋದರು. ಅದೂ ಹಾಗೇ ಬಂತು. ಬೆವರಿಗೆ ಮುಖದ ಪೌಡರ್ ಗೆರೆಗೆರೆಯಾಗಿ ಇಳಿಯಿತು. ನನಗೆ ಎದ್ದು ಹೋಗಿ ಅವರ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಮೈಕಿನ ಮುಂದೆ ಇದ್ದವರ ಹತ್ತಿರ ಹೋಗುವುದು ಹೇಗೆ ಎಂದು ಕೂತೆ.

"ನಮ್ಮಮ್ಮ ಇದನ್ನು ಕೇಳಿದ್ದರೆ ಯಾರೋ ನಮ್ಮನ್ನು ಆಡಿಕೊಳ್ಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದಳು," ಎಂದರು.

ಅಂಗಡಿಯವರಿಗೆ ಇದೊಂದೂ ತಿಳಿಯದು. ಅಜ್ಜಿಗೆ ಬೇಜಾರಾಗಿದೆ ಎಂದಷ್ಟೇ ಗೊತ್ತಾಗಿ, ಸಮಾಧಾನ ಮಾಡಲೆಂದು, ಮೊದಲು ಅಭ್ಯಾಸಕ್ಕೆ ಆಡಿದ್ದನ್ನು ಜೋರಾಗಿ ಹಾಕಿದರು. ಅದರ ಹಿಂದೆಯೇ ಸಿನಿಮಾದ ಮೂಲ ಮಾತನ್ನೂ ಹಾಕಿದರು. ಮತ್ತೆ ಅದು, ಮತ್ತೆ ಇದು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ಎಂತ ಮಾರಾಯ್ರೆ, ಎರಡೂ ಒಂದೇ ಅಲ್ವಾ? ಒಂದು ಅವ್ರು ಹುಡುಗಿ ಇರುವಾಗದ್ದು, ಒಂದು ಈಗಿಂದು. ಅಷ್ಟೇ ವ್ಯತ್ಯಾಸ. ಅವರದ್ದೇ ಸ್ವರ ಉಂಟಲ್ಲ ಇದ್ರಲ್ಲಿ. ಮತ್ತೆ ಯಾಕೆ ಪುನಃ ಮಾಡುದು?"

ನನಗೂ ಆಗಲೇ ಕೇಳಿಸಿದ್ದು. ಪದದ ಕೊನೆಯನ್ನು ಚೂರು ಮೇಲಕ್ಕೆತ್ತಿ ಬಿಡುವುದು, ಎರಡು ಮಾತಿನ ನಡುವೆ ಉಸಿರು ಹಿಡಿಯುವುದು, ಅಪ್ಪ ಎನ್ನುವಲ್ಲಿ ದನಿ ತೆಳ್ಳಗಾಗುವುದು, ಎಲ್ಲವೂ ಒಂದೇ. ಒಬ್ಬಳೇ ಹೆಂಗಸು ಹರೆಯದಲ್ಲಿ ಒಮ್ಮೆ, ಮುಪ್ಪಿನಲ್ಲಿ ಒಮ್ಮೆ ಮಾತಾಡಿದ ಹಾಗೆ.

"ಏನು ಹೇಳುತ್ತಿದ್ದಾನೆ?" ಎಂದು ಮೇಡಂ ಕೇಳಿದರು.

ಚೆನ್ನಾಗಿದೆ ಅನ್ನುತ್ತಿದ್ದಾರೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಕನ್ನಡ ಬಾರದಿದ್ದರೇನು, ಕಿವಿ ಇತ್ತಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಅಂಗಡಿಯವರಿಗೆ ಶುಕ್ರನ್ ಎಂದು ಅರಬಿಯಲ್ಲಿ ಥ್ಯಾಂಕ್ಸ್ ಹೇಳಿ, ಕೋಲು ಹಿಡಿದು ಹೊರಗೆ ನಡೆದರು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವರ ಭುಜ ಬಾಗಿದ್ದನ್ನು ಕಂಡೆ.

ಕಾರು ಹೈವೇ ಸೇರಿತು. ಆಮೇಲೆ ಅವರೇ ಹೇಳಿದರು. ಮಾತು ಕಲಿಸುವ ಮೇಷ್ಟರ ಹತ್ತಿರ ಹೋದಾಗ ಆತ, ಯಾರದಾದರೂ ಒಬ್ಬರ ಮಾತನ್ನು ಹಿಡಿದುಕೊಂಡು ಅಭ್ಯಾಸ ಮಾಡು ಎಂದನಂತೆ. ಇವರಿಗೆ ಬೇರೆ ಯಾರು ಸಿಗಬೇಕು? ಮ್ಯಾಟಿನಿಗೆ ಟಿಕೆಟ್ ತೆಗೆದು, ಖಾಲಿ ಟಾಕೀಸಿನ ಹಿಂದಿನ ಸಾಲಿನಲ್ಲಿ ಕೂತು, ತನ್ನದೇ ಸಿನಿಮಾ ನೋಡುತ್ತಾ ಪರದೆಯ ಮೇಲಿನ ತನ್ನ ಮುಖದ ಜೊತೆ, ಆ ರೇಡಿಯೋ ಹೆಂಗಸಿನ ಹಾಗೇ ತಾನೂ ಹೇಳುತ್ತಿದ್ದರಂತೆ.

"ಅವಳು ನನ್ನ ನಾಲ್ಕು ಸಿನಿಮಾ ಕದ್ದಳು ಎಂದು ಇಷ್ಟು ವರ್ಷ ಸಿಟ್ಟು ಹಿಡಿದುಕೊಂಡಿದ್ದೆ," ಎಂದರು ಮೇಡಂ. "ಗಂಡನಿಗೆ ಪ್ರೀತಿಯ ಮಾತು ಹೇಳಿದ್ದೂ ಅವಳ ದನಿಯಲ್ಲೇ. ಮಗನನ್ನು ಮಲಗಿಸಿದ್ದೂ."

ಆ ಶುಕ್ರವಾರ ಒಂದು ಬರದೇ ಇದ್ದಿದ್ದರೆ, ವೃದ್ಧಾಶ್ರಮದ ಕಿಟಕಿಯ ಹತ್ತಿರ ಕೂತು, ಊರಿನ ಮಾತು ಒಳಗಿದೆ, ಬೇಕೆಂದಾಗ ತೆಗೆಯಬಹುದು ಎಂದುಕೊಂಡು ಇರುತ್ತಿದ್ದರು. ಅಷ್ಟಾದರೂ ಇರಬಹುದಾಗಿತ್ತು.

ಸೀಬ್ ಕಡೆಯ ತಿರುವು ದಾಟಿದ ಮೇಲೆ ಅವರು ನನ್ನ ಕಡೆ ತಿರುಗಿದರು. "ನಿಮ್ಮೂರಿನ ಮಾತು ಹೇಗಿರುತ್ತದೆ? ನಾಟಕದಲ್ಲಿ ಬೇಡ ಎಂದರಲ್ಲ, ಅದು. ಹೇಳು, ಕೇಳೋಣ."

ಏನು ಹೇಳಲಿ ಎಂದೆ. ಏನಾದರೂ ಎಂದರು. ನನ್ನವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಊರಿನಿಂದ ಆ ಮಾತಿನಲ್ಲಿ ಬರುತ್ತಿದ್ದ ಫೋನು ಅವಳದೊಂದೇ. ಮನೆಯಲ್ಲಿ ಗಂಡನದು ಮೈಸೂರು, ಮಗಳದು ಇಂಗ್ಲಿಷ್, ಕ್ಲಿನಿಕ್ಕಿನಲ್ಲಿ ಹಿಂದಿ. ಗಂಟಲು ಸರಿಮಾಡಿಕೊಂಡೆ. ಸ್ಟಿಯರಿಂಗ್ ಹಿಡಿದುಕೊಂಡು, ಮುಂದಿನ ಟ್ರಕ್ಕನ್ನೇ ನೋಡುತ್ತಾ ಶುರು ಮಾಡಿದೆ.

"ಏನ್ ಹೇಳ್ಲಿರಿ ಬಾಯಾರ. ಭಾಳ ದಣದೀರಿ. ಮಾರಿ ಎಷ್ಟ್ ಸಣ್ಣದು ಮಾಡ್ಕೊಂಡೀರಿ. ಉಂಡೀರೋ ಇಲ್ಲೋ? ನಮ್ಮವ್ವ ಇದ್ದಿದ್ರ ಬಿಸಿ ರೊಟ್ಟಿ ಬಡದು, ಮ್ಯಾಲ ಬೆಣ್ಣಿ ಇಟ್ಟು, ಉಣ್ಣುಮಟ ನಿಮ್ಮನ್ನ ಏಳಾಕ ಬಿಡ್ತಿರಲಿಲ್ಲ ನೋಡ್ರಿ..."

ಮೊದಲ ನಾಲ್ಕು ಮಾತು ತಡವರಿಸಿದವು. ಆಮೇಲೆ ಬಂತು. ಬಂತು ಎಂದರೆ ನಿಲ್ಲಲೇ ಇಲ್ಲ. ಅವ್ವನ ಬಗ್ಗೆ, ಮಗಳ ಬಗ್ಗೆ, ಗಂಡನ ಕೆಲಸ ಯಾವತ್ತು ಹೋಗುತ್ತದೋ ಎಂಬ ಹೆದರಿಕೆಯ ಬಗ್ಗೆ, ಯಾರ ಹತ್ತಿರವೂ ಹೇಳದೇ ಇದ್ದದ್ದನ್ನೆಲ್ಲ ಅಲ್ ಖುವೈರ್ ಬರುವವರೆಗೆ ಹೇಳುತ್ತಲೇ ಹೋದೆ. ಮೇಡಂಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಸೀಟಿಗೆ ತಲೆಯಾನಿಸಿ, ಕಣ್ಣು ಮುಚ್ಚಿ, ಪೂರ್ತಿ ಕೇಳಿದರು.

ಅವರ ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿದಾಗ ಕಣ್ಣು ತೆರೆದು, "ಇದನ್ನು ಈಗ ಯಾರ ಜೊತೆ ಮಾತಾಡುತ್ತೀ?" ಎಂದು ಕೇಳಿದರು.

ನಾನು ಯೋಚಿಸಿದೆ. "ನಿಮ್ಮ ಜೊತೆ," ಎಂದೆ.

ಗುರುವಾರ ಅವರ ವಿಮಾನ ಇತ್ತು.